ಭಾರೀ ಲಾರಿಗಳು ಮಗುಚುವುದೇಕೆ? ಹೊಣೆ ಯಾರದು?

ಹೆದ್ದಾರಿಯಲ್ಲಿ ಲಾರಿಯೊಂದು ಮಗುಚಿ ಬಿದ್ದರೆ ಜನರ ದೂರು ಮೊದಲು ಚಾಲಕನ ಮೇಲೆಯೇ ಬರುತ್ತದೆ. ಆದರೆ ಇಂತಹ ಎಷ್ಟೋ ಅಪಘಾತಗಳ ಮೂಲ ಸರಕು ತುಂಬುವ ಸ್ಥಳದಲ್ಲಿರುತ್ತದೆ. ಕಾನೂನು ಸಹ ಹೊಣೆಯನ್ನು ಚಾಲಕನೊಬ್ಬನ ಮೇಲೆಯೇ ಹೊರಿಸಿಲ್ಲ.

ಕಾರಣಗಳು

ತಿರುವಿನಲ್ಲಿ ಟೈರುಗಳು ರಸ್ತೆಯನ್ನು ಹಿಡಿದು ತಿರುಗುತ್ತವೆ; ಮೇಲಿರುವ ಹೊರೆಯಾದರೋ ನೇರವಾಗಿಯೇ ಸಾಗಲು ಎಳೆಯುತ್ತದೆ. ಹೊರೆಯ ಗುರುತ್ವ ಕೇಂದ್ರ ಎತ್ತರದಲ್ಲಿದ್ದಷ್ಟೂ ಈ ಎಳೆತಕ್ಕೆ ವಾಹನ ಬೇಗನೆ ವಾಲುತ್ತದೆ. ವೇಗ ಗಂಟೆಗೆ 30 ಕಿ.ಮೀ.ನಿಂದ 60ಕ್ಕೆ ಏರಿದರೆ ಎಳೆತವು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಕಾರು ನಿರಾಯಾಸವಾಗಿ ದಾಟುವ ತಿರುವಿನಲ್ಲಿ ತುಂಬಿದ ಲಾರಿ ಉರುಳುವುದು ಇದರಿಂದಲೇ.

ಸರಿಯಾಗಿ ಬಿಗಿಯದ ಸರಕು ಒಂದು ಪಕ್ಕಕ್ಕೆ ಜರುಗಿದರೆ ಅಪಾಯ ಇಮ್ಮಡಿಸುತ್ತದೆ. ಅರ್ಧ ತುಂಬಿದ ಟ್ಯಾಂಕರಿನಲ್ಲಿ ದ್ರವವು ತುಳುಕಿ ಹೊರಬದಿಗೆ ನುಗ್ಗುತ್ತದೆ. ಖಂಡಾಲ, ಶಿರಾಡಿಯಂತಹ ಘಟ್ಟಗಳ ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಘಟ್ಟವನ್ನು ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು.

ದಂಡನೆಗೆ ಯಾರು ಗುರಿ?

1988ರ ಮೋಟಾರು ವಾಹನ ಕಾಯಿದೆಯ 194ನೆಯ ಕಲಮಿನಂತೆ, ಮಿತಿಮೀರಿದ ಭಾರದ ವಾಹನವನ್ನು ಓಡಿಸಿದವನಷ್ಟೇ ಅಲ್ಲದೆ, ಓಡಿಸುವಂತೆ ಮಾಡಿದವನೂ ಓಡಿಸಲು ಬಿಟ್ಟವನೂ ಅಪರಾಧಿಗಳೇ. 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ. ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಹೆಚ್ಚಿನ ಸರಕನ್ನು ಇಳಿಸುವವರೆಗೆ ವಾಹನ ಮುಂದೆ ಸಾಗುವಂತಿಲ್ಲ. ಇಳಿಸುವ ವೆಚ್ಚವನ್ನೂ ತೆರಬೇಕು.

ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಬಹುದಾಗಿದ್ದ ದೋಷವುಳ್ಳ ವಾಹನವನ್ನು ರಸ್ತೆಗೆ ಬಿಡುವುದೂ 190ನೆಯ ಕಲಮಿನಡಿ ಅಪರಾಧ. ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆ ನಿಗದಿತ ಮಟ್ಟದಲ್ಲಿಲ್ಲದೆ ಸಾವು ಅಥವಾ ಅಂಗವಿಕಲತೆ ಸಂಭವಿಸಿದರೆ, 198ಎ ಕಲಮಿನಂತೆ ಗುತ್ತಿಗೆದಾರರೂ ಸಂಬಂಧಿತ ಪ್ರಾಧಿಕಾರವೂ ಒಂದು ಲಕ್ಷ ರೂಪಾಯಿಯವರೆಗಿನ ದಂಡಕ್ಕೆ ಗುರಿಯಾಗಬಹುದು. ಚಾಲಕನ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2023ರ ಭಾರತೀಯ ನ್ಯಾಯ ಸಂಹಿತೆಯಡಿ ಆತನ ಮೇಲೆ ಮೊಕದ್ದಮೆ ನಡೆಯುತ್ತದೆ.

ನೊಂದವರಿಗೆ ಪರಿಹಾರ

ಚಾಲಕನು ಕೆಲಸದ ವೇಳೆ ಎಸಗಿದ ನಿರ್ಲಕ್ಷ್ಯಕ್ಕೆ ಮಾಲೀಕನೂ ಹೊಣೆಗಾರ. ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆ ಕಡ್ಡಾಯವಾದ ಕಾರಣ ಪರಿಹಾರದ ಹಣ ಸಾಮಾನ್ಯವಾಗಿ ವಿಮಾ ಸಂಸ್ಥೆಯಿಂದ ಬರುತ್ತದೆ. ವಿಮೆ ಇಲ್ಲದಿದ್ದರೆ ಮಾಲೀಕನೇ ಅದನ್ನು ತೆರಬೇಕು. 164ನೆಯ ಕಲಮಿನಡಿ ಯಾರ ತಪ್ಪನ್ನೂ ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಹೆಚ್ಚಿನ ಪರಿಹಾರ ಬೇಕಾದವರು 166ನೆಯ ಕಲಮಿನಡಿ ನಿರ್ಲಕ್ಷ್ಯವನ್ನು ತೋರಿಸಿ ಅರ್ಜಿ ಸಲ್ಲಿಸಬೇಕಾಗುತ್ತದೆ.

ಈ ಅರ್ಜಿಗಾಗಿ ಅಪಘಾತ ನಡೆದ ದೂರದ ಊರಿಗೆ ಅಲೆಯಬೇಕಾಗಿಲ್ಲ ಎಂಬುದನ್ನು ಊರು ಬಿಟ್ಟು ನೆಲೆಸಿದವರು ವಿಶೇಷವಾಗಿ ಗಮನಿಸತಕ್ಕದ್ದು. ಶಿರಾಡಿ ಘಟ್ಟದಲ್ಲಿ ಗಾಯಗೊಂಡ ಮುಂಬಯಿ ನಿವಾಸಿ ತನ್ನ ವಾಸಸ್ಥಳದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೇ ಅರ್ಜಿ ಕೊಡಬಹುದು. ಕಾಯಿದೆಯು ಇದಕ್ಕೆ ಅಪಘಾತದ ದಿನದಿಂದ 6 ತಿಂಗಳ ಅವಧಿಯನ್ನು ನಮೂದಿಸಿರುವುದರಿಂದ ವಿಳಂಬ ಸಲ್ಲದು. ಪೊಲೀಸರ ಪ್ರಥಮ ವರ್ತಮಾನ ವರದಿಯ ಪ್ರತಿ, ಲಾರಿಯ ನೋಂದಣಿ ಸಂಖ್ಯೆ, ಚಿಕಿತ್ಸೆಯ ದಾಖಲೆಗಳು ಹಾಗೂ ವರಮಾನದ ಪುರಾವೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ವಕೀಲರ ಶುಲ್ಕ ಭರಿಸಲಾಗದ ಅರ್ಹರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ.