ಅಕ್ಕನ ಬೋರ್ಡಿನ ಕ್ಯೂಆರ್ ಕೋಡ್ ಯಾಕೆ ಸತ್ತುಹೋಯ್ತು?

ಕಳೆದ ಶ್ರಾವಣದ ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು. ಹಲೋ ಕೂಡ ಅನ್ನಲಿಲ್ಲ. "ನೀನು ಮಾಡಿಕೊಟ್ಟ ಕೋಡ್ ಸತ್ತುಹೋಗಿದೆ ಕಣೋ" ಅಂದಳು.

ಅಕ್ಕ ಆರ್ಕಿಟೆಕ್ಟ್. ಮೈಸೂರಿನಲ್ಲಿ ಎರಡು ಕೋಣೆಯ ಸಣ್ಣ ಆಫೀಸು. ಅವತ್ತು ಅವಳು ಕಟ್ಟಿಸಿದ ಮಣ್ಣಿನ ಇಟ್ಟಿಗೆಯ ಮನೆಯೊಂದರ ಗೃಹಪ್ರವೇಶ. ಗೇಟಿನ ಪಕ್ಕದ ಬೋರ್ಡಿನಲ್ಲಿ ಅವಳ ಹೆಸರು, ಕೆಳಗೆ ಒಂದು ಕ್ಯೂಆರ್ ಕೋಡ್. ಬಂದ ನೆಂಟರಲ್ಲಿ ಒಬ್ಬರು ಮನೆ ಕಟ್ಟಿಸುವ ಯೋಚನೆಯಲ್ಲಿದ್ದವರು. ಗೋಡೆ ಮುಟ್ಟಿ ನೋಡಿ, ಇಷ್ಟಪಟ್ಟು, ಕೋಡ್ ಸ್ಕ್ಯಾನ್ ಮಾಡಿದರಂತೆ. ಪರದೆ ಮೇಲೆ ಬಂದದ್ದು ಮನೆಯ ಫೋಟೋ ಅಲ್ಲ, 'ಈ ಕೋಡಿನ ಅವಧಿ ಮುಗಿದಿದೆ, ಪ್ಲಾನ್ ಖರೀದಿಸಿ' ಅನ್ನೋ ಇಂಗ್ಲಿಷ್ ಸಾಲು. ಅವರು ನಕ್ಕು ಫೋನ್ ಜೇಬಿಗಿಟ್ಟುಕೊಂಡು ಊಟಕ್ಕೆ ಹೋದರು. ಆಮೇಲೆ ಅಕ್ಕನಿಗೆ ಅವರ ಫೋನ್ ಬರಲೇ ಇಲ್ಲ.

ತಪ್ಪು ನನ್ನದೇ. ಎಲೆಕ್ಟ್ರಾನಿಕ್ಸ್ ಓದುವ ತಮ್ಮ ಅಂತ ನಂಬಿ ಕೆಲಸ ಕೊಟ್ಟಿದ್ದಳು. ನಾನು ಐದು ನಿಮಿಷದಲ್ಲಿ ಯಾವುದೋ ಫ್ರೀ ವೆಬ್‌ಸೈಟಿನಲ್ಲಿ ಮಾಡಿ ಕಳಿಸಿದ್ದೆ. ಅದನ್ನು ಸರಿ ಮಾಡಲು ಹೊರಟಾಗ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬ ಆರ್ಕಿಟೆಕ್ಟೋ ಇಂಟೀರಿಯರ್ ಡಿಸೈನರೋ ಇದ್ದರೆ ಈ ಕೆಲಸ ಇವತ್ತಲ್ಲ ನಾಳೆ ನಿಮ್ಮ ತಲೆಗೇ ಬರುತ್ತೆ.

ಒಂದು ಸಣ್ಣ ಬೋರ್ಡಿಗೆ ಇಷ್ಟು ಗಲಾಟೆ ಯಾಕೆ?

ಬೇಕರಿಯವರ ಹಾಗೆ ಆರ್ಕಿಟೆಕ್ಟ್‌ಗಳು ಪೇಪರಿನಲ್ಲಿ ಜಾಹೀರಾತು ಕೊಡುವ ಹಾಗಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಅಡಿ 1989ರಲ್ಲಿ ಬಂದ ವೃತ್ತಿ ನಡವಳಿಕೆಯ ನಿಯಮಗಳು, ಕೆಲವು ವಿನಾಯಿತಿಗಳನ್ನು ಬಿಟ್ಟು, ತಮ್ಮ ಸೇವೆಯ ಜಾಹೀರಾತನ್ನು ನಿಷೇಧಿಸಿವೆ. ಆ ವಿನಾಯಿತಿಗಳಲ್ಲಿ ಒಂದು, ತಾವು ವಿನ್ಯಾಸ ಮಾಡಿದ ಕಟ್ಟಡದ ಮೇಲೆ ತಮ್ಮ ಹೆಸರು ಹಾಕುವುದು. ಅದಕ್ಕೂ ಅಳತೆ ಇದೆ: ಅಕ್ಷರದ ಎತ್ತರ 10 ಸೆಂಟಿಮೀಟರ್ ದಾಟಬಾರದು. ಬರೀ ಇಂಟೀರಿಯರ್ ಕೆಲಸ ಮಾಡುವವರಿಗೆ ಈ ಕಾಯ್ದೆ ಅನ್ವಯ ಆಗಲ್ಲ, ಅವರು ಸ್ವಲ್ಪ ಸ್ವತಂತ್ರರು. ಆದರೆ ಅಕ್ಕನಂಥವರಿಗೆ ಆ ಗೇಟಿನ ಬೋರ್ಡೇ ದೊಡ್ಡ ಅವಕಾಶ. ಹಾಗಾಗಿ ಕೋಡಿನ ಹಿಂದಿನ ಪುಟ 'ಬನ್ನಿ, ರಿಯಾಯಿತಿ ಇದೆ' ಅಂತ ಕೂಗುವಂತೆ ಇರಬಾರದು. ಆ ಕಟ್ಟಡದ ಬಗ್ಗೆ ನೇರವಾಗಿ ಮಾತಾಡಬೇಕು.

ಚೌಕದ ಒಳಗೆ ಏನಿದೆ?

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯಲ್ಲಿ. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಬಾರ್‌ಕೋಡ್ ಸಾಲದಾದಾಗ ಮಸಾಹಿರೊ ಹಾರಾ ಅವರ ತಂಡ ಇದನ್ನು ರೂಪಿಸಿತು. ಪೇಟೆಂಟ್ ಇದ್ದರೂ ಕಂಪನಿ ಬೇರೆಯವರ ಬಳಕೆಗೆ ಅಡ್ಡಿ ಮಾಡಲಿಲ್ಲ. ಇವತ್ತು ಎಳನೀರು ಗಾಡಿಯಲ್ಲೂ ಕೋಡ್ ನೇತಾಡುತ್ತಿರುವುದಕ್ಕೆ ಅದೂ ಒಂದು ಕಾರಣ.

ಮೂರು ಮೂಲೆಯಲ್ಲಿರುವ ದೊಡ್ಡ ಚೌಕಗಳು ಕ್ಯಾಮೆರಾಗೆ ದಾರಿ ತೋರಿಸುತ್ತವೆ. ಅವುಗಳ ಮಧ್ಯದಲ್ಲಿ ಯಾವ ದಿಕ್ಕಿನಿಂದ ಗೆರೆ ಎಳೆದರೂ ಕಪ್ಪು ಬಿಳಿಯ ಅನುಪಾತ 1:1:3:1:1. ಮುದ್ರಿತ ಕಾಗದದಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಅನುಪಾತ ಅಂತಲೇ ಅದನ್ನು ಆರಿಸಿದ್ದು. ಉಳಿದ ಸಣ್ಣ ಮನೆಗಳಲ್ಲಿ ಮಾಹಿತಿ ಇರುತ್ತೆ, ಜೊತೆಗೆ ರೀಡ್–ಸಾಲೊಮನ್ ಅನ್ನೋ ದೋಷ ತಿದ್ದುವ ಕೋಡ್. ಅದರಲ್ಲಿ ನಾಲ್ಕು ಮಟ್ಟ: ಸುಮಾರು ಶೇ. 7, 15, 25 ಮತ್ತು 30. ಅಂದ್ರೆ ಕೊನೆಯ ಮಟ್ಟದಲ್ಲಿ ಶೇ. 30ರಷ್ಟು ಮಾಹಿತಿ ಹಾಳಾದರೂ ಓದಬಹುದು. ಸೈಟಿನ ಬೋರ್ಡಿಗೆ ಸಿಮೆಂಟ್ ಸಿಡಿಯುತ್ತೆ, ಧೂಳು ಕೂರುತ್ತೆ, ಅಲ್ಲಿಗೆ ಮೇಲಿನ ಮಟ್ಟವೇ ವಾಸಿ. ಆದರೆ ಮೂಲೆಯ ಚೌಕಕ್ಕೆ ಪೇಂಟ್ ಬಿದ್ದರೆ ಯಾವ ಮಟ್ಟವೂ ಕಾಪಾಡಲ್ಲ. ಲೋಗೋ ಹಾಕುವುದಿದ್ದರೆ ನಡುವೆ, ಚಿಕ್ಕದಾಗಿ ಹಾಕಿ.

ಲಿಂಕ್ ಉದ್ದ ಆದಷ್ಟೂ ಮನೆಗಳು ಜಾಸ್ತಿ. ಶೇ. 15ರ ಮಟ್ಟದಲ್ಲಿ 24 ಅಕ್ಷರದ ಲಿಂಕ್ 25×25 ಮನೆಗಳಲ್ಲಿ ಹಿಡಿಯುತ್ತೆ. 120 ಅಕ್ಷರ ಆದರೆ 45×45 ಬೇಕು. ವಿಸಿಟಿಂಗ್ ಕಾರ್ಡಿನಲ್ಲಿ ಕೋಡಿಗೆ 2 ಸೆಂಟಿಮೀಟರ್ ಜಾಗ ಸಿಕ್ಕಿದೆ ಅಂದುಕೊಳ್ಳಿ. ಮೊದಲನೆಯದರಲ್ಲಿ ಒಂದು ಮನೆ 0.8 ಮಿಲಿಮೀಟರ್, ಎರಡನೆಯದರಲ್ಲಿ 0.44. ಹಳೇ ಫೋನು ತಡವರಿಸುವುದು ಇಲ್ಲೇ.

ಕನ್ನಡ ಕೂಟದವರು ಗಮನಿಸಬೇಕಾದ ಒಂದು ವಿಷಯ: ಪುಟ ಕನ್ನಡದಲ್ಲಿರಲಿ, ಲಿಂಕ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಯೂನಿಕೋಡ್‌ನಲ್ಲಿ 'ಮನೆ' ಅಂದರೆ ಮ, ನ ಮತ್ತು ಎತ್ವ, ಒಟ್ಟು ಮೂರು ಚಿಹ್ನೆ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್. ಲಿಂಕಿನೊಳಗೆ ಅದು ಪರ್ಸೆಂಟ್ ಚಿಹ್ನೆಗಳ ರೂಪಕ್ಕೆ ತಿರುಗಿದರೆ 27 ಅಕ್ಷರ. ಎರಡಕ್ಷರದ ಮನೆಗೆ ಅಷ್ಟು ಜಾಗ ಕೊಡೋಕಾಗಲ್ಲ!

ಕೋಡ್ ಸಾಯುವುದು ಹೇಗೆ?

ಕ್ಯೂಆರ್ ಕೋಡಿಗೆ ಆಯಸ್ಸು ಅನ್ನೋದೇ ಇಲ್ಲ. ಅದು ಬರೀ ಅಚ್ಚಾದ ಅಕ್ಷರ. ಹಾಗಾದರೆ ಅಕ್ಕನ ಕೋಡ್ ಸತ್ತಿದ್ದು ಹೇಗೆ?

ನಾನು ಮಾಡಿದ್ದು 'ಡೈನಾಮಿಕ್' ಕೋಡ್. ಅದರೊಳಗೆ ಅಕ್ಕನ ಪುಟದ ವಿಳಾಸ ಇರಲಿಲ್ಲ, ಆ ಫ್ರೀ ವೆಬ್‌ಸೈಟಿನ ವಿಳಾಸ ಇತ್ತು. ಸ್ಕ್ಯಾನ್ ಮಾಡಿದವರು ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಅಕ್ಕನ ಪುಟಕ್ಕೆ ಬರುತ್ತಿದ್ದರು. ಸಿ ಭಾಷೆ ಕಲಿತವರಿಗೆ ಒಂದೇ ಮಾತು: ಪಾಯಿಂಟರಿಗೆ ಪಾಯಿಂಟರ್. ನಡುವಿನ ಕೊಂಡಿಯನ್ನು ಅವರು ಟ್ರಯಲ್ ಮುಗಿದ ದಿನ ಕತ್ತರಿಸಿದರು. ಇನ್ನೊಬ್ಬರ ಬಾಗಿಲಿನ ಕೀಲಿಯನ್ನು ನಾನು ಅಕ್ಕನ ಗೇಟಿಗೆ ನೇತುಹಾಕಿದ್ದೆ.

ಹಾಗಂತ ಡೈನಾಮಿಕ್ ಕೆಟ್ಟದ್ದಲ್ಲ. ಅಚ್ಚಾದ ಮೇಲೂ ತಲುಪುವ ಪುಟ ಬದಲಿಸಬಹುದು, ಎಷ್ಟು ಜನ ಸ್ಕ್ಯಾನ್ ಮಾಡಿದರು ಅಂತ ಎಣಿಸಬಹುದು. ಅದೇ ಸೌಕರ್ಯ ಸ್ವಂತವಾಗಿಯೂ ಸಿಗುತ್ತೆ. ಆಫೀಸಿನ ಹೆಸರಲ್ಲಿ ಒಂದು ಡೊಮೇನ್ ತಗೊಳ್ಳಿ. ಪ್ರತಿ ಬೋರ್ಡಿಗೂ ಅದರಲ್ಲಿ ಒಂದು ಚಿಕ್ಕ ಲಿಂಕ್ ಮಾಡಿ. ಆ ಲಿಂಕನ್ನೇ ಸ್ಟ್ಯಾಟಿಕ್ ಕೋಡಿನಲ್ಲಿ ಹಾಕಿ. ನಾಳೆ ಪುಟ ಬೇರೆಡೆಗೆ ಹೋದರೆ ನಿಮ್ಮ ಡೊಮೇನಿನಲ್ಲೇ ದಾರಿ ತಿರುಗಿಸಿದರಾಯ್ತು, ಬೋರ್ಡ್ ಮುಟ್ಟಬೇಕಿಲ್ಲ. ಡೊಮೇನ್ ನವೀಕರಿಸುವ ದಿನ ಮರೆಯಬಾರದು, ಅಷ್ಟೇ. ಒಂದೊಂದು ಜಾಗಕ್ಕೆ ಒಂದೊಂದು ಲಿಂಕ್ ಇದ್ದರೆ ಜನ ಬಂದದ್ದು ಗೇಟಿನಿಂದಲೋ ವಿಸಿಟಿಂಗ್ ಕಾರ್ಡಿನಿಂದಲೋ ಅನ್ನೋದೂ ತಿಳಿಯುತ್ತೆ.

ಸ್ಕ್ಯಾನ್ ಮಾಡಿದವರಿಗೆ ಏನು ಕಾಣಬೇಕು?

ಇಲ್ಲೂ ನಾನು ಎಡವಿದ್ದೆ. ಹಳೇ ಕೋಡ್ ಅಕ್ಕನ ವೆಬ್‌ಸೈಟಿನ ಮುಖಪುಟಕ್ಕೆ ಹೋಗುತ್ತಿತ್ತು. ಆದರೆ ಗೇಟಿನ ಮುಂದೆ ನಿಂತವರಿಗೆ ಬೇಕಿರುವುದು ಎದುರಿಗಿರುವ ಆ ಮನೆಯ ಮಾಹಿತಿ. ದಾರಿಹೋಕರು ಕೇಳುವ ಪ್ರಶ್ನೆಗಳನ್ನು ಬರೆದಿಡು ಅಂತ ಅಕ್ಕ ಮೇಸ್ತ್ರಿಗೆ ಹೇಳಿದಳು. ಪಟ್ಟಿಯ ಮೊದಲ ಪ್ರಶ್ನೆ: "ಮಣ್ಣಿನ ಗೋಡೆ ಮಳೆಗೆ ಕರಗಲ್ವಾ?"

ಹೊಸ ಪುಟ ಅಲ್ಲಿಂದಲೇ ಶುರುವಾಗುತ್ತೆ. ಇದು ಹಸಿ ಮಣ್ಣಲ್ಲ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಭಾಗ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಆಮೇಲೆ ಗೋಡೆ ಏಳುತ್ತಿದ್ದಾಗಿನ ನಾಲ್ಕು ಫೋಟೋ, ಸೂರು ಯಾಕೆ ಅಷ್ಟು ಮುಂದೆ ಚಾಚಿದೆ ಅನ್ನೋ ಎರಡು ಸಾಲು, ಕೊನೆಗೆ ಅಕ್ಕನ ಫೋನ್ ನಂಬರ್. ಬಿಸಿಲಲ್ಲಿ, ಮೊಬೈಲ್ ಡೇಟಾದಲ್ಲಿ ನೋಡುವ ಪುಟ ಇದು, ಆದ್ದರಿಂದ ಫೋಟೋಗಳು ಹಗುರ ಇರಬೇಕು.

ಒಂದನ್ನು ಮಾತ್ರ ಹಾಕಲಿಲ್ಲ, ಮನೆಯ ಪ್ಲಾನ್. ಜನ ವಾಸಿಸುವ ಮನೆಯ ನಕ್ಷೆಯನ್ನು ಅದರ ಗೇಟಿಗೇ ಅಂಟಿಸಿದರೆ ಕಳ್ಳರಿಗೆ ನಾವೇ ದಾರಿ ತೋರಿಸಿದ ಹಾಗೆ. ಒಳಗಿನ ಫೋಟೋ ಹಾಕುವ ಮುಂಚೆಯೂ ಮನೆಯವರನ್ನು ಕೇಳಿ.

ಇಂಟೀರಿಯರ್‌ನವರಿಗೆ ಇನ್ನೊಂದು ಒಳ್ಳೇ ಜಾಗ ಇದೆ: ಅಡುಗೆಮನೆ ಕಪಾಟಿನ ಬಾಗಿಲ ಒಳಮೈ. ಪೇಂಟಿನ ಶೇಡ್ ನಂಬರ್, ಲ್ಯಾಮಿನೇಟ್ ಯಾವುದು, ಕೀಲು ಸಡಿಲವಾದರೆ ಏನು ಮಾಡಬೇಕು, ಎಲ್ಲ ಒಂದು ಪುಟದಲ್ಲಿ, ಪಾಸ್‌ವರ್ಡ್ ಹಾಕಿ. ಮೂರು ವರ್ಷದ ಮೇಲೆ ಗೋಡೆಗೆ ಗೀರು ಬಿದ್ದಾಗ ಆ ಮನೆಯವರು ನಿಮ್ಮನ್ನು ನೆನೆಯುತ್ತಾರೆ, ಪಕ್ಕದ ಮನೆಯವರಿಗೂ ನಿಮ್ಮ ಹೆಸರು ಹೇಳುತ್ತಾರೆ.

ಅಚ್ಚಿಗೆ ಕಳಿಸುವ ಮುಂಚೆ

ಎಷ್ಟು ದೂರದಿಂದ ಸ್ಕ್ಯಾನ್ ಮಾಡ್ತಾರೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಇರಲಿ, ಒಂದೂವರೆ ಮೀಟರಿಗೆ 15 ಸೆಂಟಿಮೀಟರ್. ಸುತ್ತಲೂ ನಾಲ್ಕು ಮನೆಯಷ್ಟು ಖಾಲಿ ಅಂಚು ಬಿಡಿ. ತಿಳಿ ಹಿನ್ನೆಲೆ, ಗಾಢ ಚುಕ್ಕಿ. ಕಪ್ಪು ಗ್ರಾನೈಟಿನ ಮೇಲೆ ಚಿನ್ನದ ಬಣ್ಣ ಚೆಂದ ಕಾಣುತ್ತೆ, ಆದರೆ ಎಲ್ಲ ಫೋನೂ ಓದಲ್ಲ. ಹೊಳೆಯುವ ಲ್ಯಾಮಿನೇಷನ್ ಮಧ್ಯಾಹ್ನದ ಬಿಸಿಲಿಗೆ ಕನ್ನಡಿ ಆಗುತ್ತೆ, ಮ್ಯಾಟ್ ಕೇಳಿ ಮಾಡಿಸಿ. ಕೋಡಿನ ಕೆಳಗೆ 'ಈ ಮನೆ ಕಟ್ಟಿದ ಬಗೆ' ಅಂತ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ನಮ್ಮ ಜನ ದುಡ್ಡು ಕಟ್ಟುವ ಕೋಡ್ ಅಂದುಕೊಂಡು ಮುಂದೆ ಹೋಗ್ತಾರೆ. ಕೋಡಿನ ಜೊತೆ ಲಿಂಕನ್ನೂ ಅಕ್ಷರದಲ್ಲಿ ಹಾಕಿ. ಯಾರಾದರೂ ಮೇಲೊಂದು ಬೇರೆ ಸ್ಟಿಕ್ಕರ್ ಅಂಟಿಸಿದರೆ ವ್ಯತ್ಯಾಸ ಗೊತ್ತಾಗಲಿ. ಕೊನೆಗೆ, ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಗೇಟಿಗೆ ಅಂಟಿಸಿ, ಮನೆಯಲ್ಲಿರುವ ಅತಿ ಹಳೇ ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಅಕ್ಕನ ಹೊಸ ಬೋರ್ಡ್ ದೀಪಾವಳಿ ಹೊತ್ತಿಗೆ ಬಂತು. ಡೊಮೇನ್ ಅವಳ ಹೆಸರಲ್ಲಿದೆ, ಪಾಸ್‌ವರ್ಡ್ ಅವಳ ಹತ್ತಿರವೇ ಇದೆ, ನನಗೆ ಕೊಟ್ಟಿಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ಆ ಕಡೆ ಹೋದಾಗ ಗಾಡಿ ನಿಲ್ಲಿಸಿ ತಾನೇ ಒಂದು ಸಲ ಸ್ಕ್ಯಾನ್ ಮಾಡ್ತಾಳೆ. ನೀವೂ ಯಾರಿಗಾದರೂ ಕೋಡ್ ಮಾಡಿಕೊಟ್ಟಿದ್ದರೆ, ಇದನ್ನು ಓದಿ ಮುಗಿಸಿದ ಮೇಲೆ ಅದನ್ನೊಮ್ಮೆ ಸ್ಕ್ಯಾನ್ ಮಾಡಿ. ಮೊದಲು ತೆರೆದುಕೊಳ್ಳುವ ವಿಳಾಸ ಯಾರದ್ದು ಅಂತ ನೋಡಿ.