ಕಿಕ್ಕಿಗೆ ಹಿಡಿಯದ ಯೆಜ್ಡಿ: ತಪ್ಪೆಲ್ಲ ಕಾರ್ಬುರೇಟರಿನದೇ?

ನಿಟ್ಟೂರಿನ ಸುತ್ತಮುತ್ತ ಯಾವುದೋ ತೋಟದ ಮನೆಯ ಕೊಟ್ಟಿಗೆಯಲ್ಲಿ ಹಳೇ ಯೆಜ್ಡಿಯೊಂದು ಗೋಣಿತಾಟು ಹೊದ್ದು ನಿಂತಿದ್ದರೆ ಅಚ್ಚರಿಯೇನಿಲ್ಲ. ಆಯುಧಪೂಜೆಗೆಂದು ಹೊರಗೆಳೆದು ತೊಳೆದು ಕಿಕ್ ಹೊಡೆದಾಗ ಅದು ಹಿಡಿಯದಿದ್ದರೆ ಸುತ್ತ ನಿಂತವರದು ಒಂದೇ ತೀರ್ಪು: “ಕಾರ್ಬುರೇಟರ್ ಬಿಚ್ಚಣ್ಣ, ಕಸ ಕೂತಿರ್ತದೆ.”

ಕಸ ಕೂತಿರಲೂಬಹುದು. ಆದರೆ ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿಂದ ಬಂದ ಕೊನೆಯ ಗಾಡಿಗೂ ಈಗ ಮೂವತ್ತರ ಹತ್ತಿರದ ವಯಸ್ಸು. ಇಷ್ಟು ಹಳೆಯ ಗಾಡಿಯಲ್ಲಿ ಪೆಟ್ರೋಲಿಗಿಂತ ಮೊದಲು ಅನುಮಾನ ಪಡಬೇಕಾದ್ದು ಕರೆಂಟನ್ನು. ಯಾವುದು ಕೈಕೊಟ್ಟಿದೆ ಎಂದು ಊಹಿಸಬೇಕಾಗಿಯೂ ಇಲ್ಲ. ನಾಲ್ಕೈದು ಕಿಕ್ ಹೊಡೆದು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಆಗ ಕಾರ್ಬುರೇಟರಿನ ಕಡೆ ಹೋಗಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದು ಕೂತಿದೆ, ಕಿಡಿ ಸಾಲುತ್ತಿಲ್ಲ. ಒಂದು ಸ್ಪ್ಯಾನರಿನಲ್ಲಿ ಮುಗಿಯುವ ಈ ಕೆಲಸ ಬಿಟ್ಟು, ಸರಿಯಾಗಿರುವ ಕಾರ್ಬುರೇಟರನ್ನು ಬಿಚ್ಚಿ ಜೆಟ್ಟಿಗೆ ತಂತಿ ಚುಚ್ಚಿ ಹಾಳುಮಾಡುವವರೇ ಹೆಚ್ಚು.

“ಎರಡು ಸೈಲೆನ್ಸರ್ ಇದೆಯಲ್ಲ, ಇನ್ನೊಂದು ಪ್ಲಗ್ ಎಲ್ಲಿ?” ಎಂದು ಹುಡುಕುವವರೂ ಇದ್ದಾರೆ. 250 ಸಿಸಿ ಜಾವಾ, ಯೆಜ್ಡಿ, ರೋಡ್‌ಕಿಂಗ್ ಎಲ್ಲವೂ ಒಂದೇ ಸಿಲಿಂಡರಿನ ಗಾಡಿಗಳು. ಹೊಗೆ ಹೋಗಲು ದಾರಿ ಎರಡು, ಅಷ್ಟೇ. ಪ್ಲಗ್ ಒಂದೇ, ಪಾಯಿಂಟ್ ಒಂದೇ.

“ಪ್ಲಗ್ಗಲ್ಲಿ ಕಿಡಿ ಬರ್ತಿದೆ, ಕರೆಂಟ್ ಸರಿಯಾಗೇ ಇದೆ” ಎಂಬುದು ಮೆಕ್ಯಾನಿಕ್ಕುಗಳೂ ನಂಬುವ ಮಾತು. ಬಯಲ ಗಾಳಿಯಲ್ಲಿ ಕಿಡಿ ಸುಲಭವಾಗಿ ಹಾರುತ್ತದೆ. ಸಿಲಿಂಡರಿನೊಳಗೆ ಒತ್ತಡ ಏರಿದಾಗ ಅದೇ ಬಡಕಲು ಕಿಡಿ ಹಾರುವುದೇ ಇಲ್ಲ. ನೋಡಬೇಕಾದ್ದು ಬಣ್ಣವನ್ನು: ನೀಲಿಯಾಗಿ ದಪ್ಪಗೆ ‘ಚಟ್’ ಎಂದು ಬಿದ್ದರೆ ಸರಿ, ಹಳದಿ-ಕೆಂಪಾಗಿ ತೆಳ್ಳಗಿದ್ದರೆ ಬಲಗಡೆಯ ಕವರ್ ತೆಗೆಯಿರಿ. (ಕಿಡಿ ನೋಡುವಾಗ ಪ್ಲಗ್ಗನ್ನು ಸಿಲಿಂಡರಿನ ತೂತಿನಿಂದ ದೂರ ಇಡಿ. ಅಲ್ಲಿಂದ ಹೊರಬರುವ ಪೆಟ್ರೋಲ್ ಆವಿಗೆ ಬೆಂಕಿ ಹತ್ತಬಹುದು.) ಕವರಿನ ಒಳಗೆ ಡೈನಮೊ, ಅದರ ಮೇಲೆ ಪಾಯಿಂಟ್. ಬಹಳ ದಿನ ನಿಂತ ಗಾಡಿಯ ಪಾಯಿಂಟಿನ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟಿ ಕರೆಂಟನ್ನು ತಡೆದಿರುತ್ತದೆ. ಒರಟು ಎಮರಿ ಕಾಗದ ಬೇಡ. ವಿಸಿಟಿಂಗ್ ಕಾರ್ಡಿನ ತುಂಡಿಗೆ ಪೆಟ್ರೋಲ್ ತಾಗಿಸಿ ನಡುವೆ ಎಳೆದರೆ ಕಪ್ಪು ಬಿಟ್ಟುಕೊಳ್ಳುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.4 ಮಿ.ಮೀ. ಇರಲಿ. ಆಮೇಲೆ ಬೇರೆಯವರಿಂದ ಕಿಕ್ ಹೊಡೆಸಿ ಪಾಯಿಂಟನ್ನೇ ನೋಡುತ್ತಿರಿ. ಅಲ್ಲೇ ಪಳಪಳ ಕಿಡಿ ಸಿಡಿಯುತ್ತಿದ್ದರೆ ಕಂಡೆನ್ಸರ್ ಮುಗಿದಿದೆ. ಅದನ್ನು ಬದಲಿಸದೆ ಹೊಸ ಪ್ಲಗ್ ಮೇಲೆ ಹೊಸ ಪ್ಲಗ್ ಹಾಕುವುದು ದುಡ್ಡು ದಂಡ.

ಹಿಡಿಯದಿದ್ದರೆ ಕಾರ್ಬುರೇಟರಿನ ಟಿಕ್ಲರ್ ಗುಂಡಿ ಒತ್ತಿ ಒತ್ತಿ ಕಿಕ್ ಹೊಡೆಯುವುದು ಇನ್ನೊಂದು ಅಭ್ಯಾಸ. ಟೂ-ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಇಳಿದು ಆಮೇಲೆ ಮೇಲೇರುತ್ತದೆ. ಜಾಸ್ತಿಯಾದರೆ ಅಲ್ಲೇ ನಿಲ್ಲುತ್ತದೆ. ಆಗ ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತಾರು ಕಿಕ್ ಹೊಡೆದು ಗಾಳಿಯಾಡಿಸಬೇಕು. ರಾತ್ರಿ ಕಾಕ್ ಮುಚ್ಚದೆ ಮಲಗುವವರಿಗೆ ಬೆಳಗ್ಗೆ ಇದೇ ಗತಿ.

“ಆಯಿಲ್ ಒಂದು ಕೈ ಜಾಸ್ತಿ ಹಾಕು, ಎಂಜಿನ್ನಿಗೆ ಒಳ್ಳೇದು” ಎಂಬ ಹಿತವಚನವೂ ಇದೆ. ಲೀಟರಿಗೆ 40 ಎಂ.ಎಲ್. ಧಾರಾಳ. ಅದನ್ನು ಮೀರಿದ್ದು ಪ್ಲಗ್ಗಿನ ತುದಿಗೆ ಮಸಿಯಾಗಿ ಕೂರುತ್ತದೆ.

ಟ್ಯಾಂಕಿನ ಪೆಟ್ರೋಲ್ ಕೆಡುವುದಿಲ್ಲ ಎಂಬುದೂ ಸುಳ್ಳು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ನಿಂತ ಗಾಡಿಯ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ, ಆರಿದ ಆಯಿಲ್ ಸಣ್ಣ ಜೆಟ್ಟಿನಲ್ಲಿ ಅಂಟಾಗಿ ಉಳಿಯುತ್ತದೆ. ಕಾರ್ಬುರೇಟರನ್ನು ಬೈಯಲು ನ್ಯಾಯವಾದ ಕಾರಣವಿದ್ದರೆ ಇದೊಂದೇ.

ಇಷ್ಟೆಲ್ಲ ಸರಿಯಿದ್ದೂ ಹಿಡಿಯದ ಗಾಡಿಗಳುಂಟು. ಅಲ್ಲಿ ಕಳ್ಳ ಕ್ರ್ಯಾಂಕ್ ಆಯಿಲ್ ಸೀಲ್. ವರ್ಷಗಟ್ಟಲೆ ನಿಂತಾಗ ರಬ್ಬರ್ ಒಣಗಿ ಬಿರುಸಾಗುತ್ತದೆ. ಡೈನಮೊ ಕಡೆಯ ಸೀಲ್ ಹೋದರೆ ಗಾಳಿ ಒಳನುಗ್ಗಿ ಪೆಟ್ರೋಲಿನ ಹದ ಕೆಡುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ಲನ್ನೇ ಎಂಜಿನ್ ಕುಡಿಯುತ್ತದೆ: ಬಿಳಿ ಹೊಗೆ ದಟ್ಟವಾಗಿ ಬರುತ್ತದೆ, ನೆಲದ ಮೇಲೆ ಒಂದು ತೊಟ್ಟೂ ಸೋರದೆ ಗೇರ್ ಆಯಿಲ್ ಇಳಿಯುತ್ತಾ ಹೋಗುತ್ತದೆ. ಇದು ಮನೆಯಂಗಳದ ರಿಪೇರಿಯಲ್ಲ, ತಿಳಿದ ಗ್ಯಾರೇಜಿಗೇ ಕೊಡಬೇಕು.

ಬುಲೆಟ್ಟಿನ ಮಾತು ಬೇರೆ. ಅದನ್ನು ಕಿಕ್ ಹೊಡೆಯಲು ತೋಳ್ಬಲ, ತೊಡೆಬಲ ಬೇಕೆಂದು ಹೆದರುತ್ತಾರೆ. ಪಾಯಿಂಟ್ ಇರುವ ಹಳೇ ಬುಲೆಟ್ಟಿನಲ್ಲಿ ಡಿಕಂಪ್ರೆಸರ್ ಒತ್ತಿ, ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ಇಳಿಸಿ, ಡಿಕಂಪ್ರೆಸರ್ ಬಿಟ್ಟು, ಕಿಕ್ಕರ್ ಮೇಲೆ ಬಂದ ಮೇಲೆ ಪೂರ್ತಿ ತುಳಿದರೆ ಸಣಕಲು ಮೈಯವರಿಗೂ ಹಿಡಿಯುತ್ತದೆ.

ಬ್ಯಾಟರಿ ಸತ್ತರೆ ಜಾವಾ ಕದಲುವುದಿಲ್ಲ ಎಂದು ಟೆಂಪೋ ಕರೆಸುವವರಿಗೆ ಒಂದು ಮಾತು. 6 ವೋಲ್ಟಿನ ಹಳೇ ಗಾಡಿಗಳ ಕೀಲಿಗೆ ಬ್ಯಾಟರಿಯಿಲ್ಲದೆ ಸ್ಟಾರ್ಟ್ ಮಾಡಲೆಂದೇ ಬೇರೊಂದು ಸ್ಥಾನ ಇತ್ತು. ಅದಕ್ಕೆ ತಿರುಗಿಸಿ, ಸೆಕೆಂಡ್ ಗೇರ್ ಹಾಕಿ, ಕ್ಲಚ್ ಹಿಡಿದು ಇಬ್ಬರಿಂದ ತಳ್ಳಿಸಿ, ವೇಗ ಬಂದ ಮೇಲೆ ಕ್ಲಚ್ ಬಿಡಿ. ಕಿಡಿಗೆ ಬೇಕಾದ ಕರೆಂಟನ್ನು ಡೈನಮೊವೇ ಕೊಡುತ್ತದೆ. ಹಿಡಿದ ಕೂಡಲೇ ಕೀಲಿಯನ್ನು ಮಾಮೂಲು ಜಾಗಕ್ಕೆ ತಿರುಗಿಸಿಬಿಡಿ.