ಕತ್ತಲ ಕಾಳಗ: ಸಂಗೊಳ್ಳಿ ರಾಯಣ್ಣ ಸುಟ್ಟದ್ದೇನು?

ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಗುಂಡಿಟ್ಟು ಕೆಡವಿದವನು ಅಮಟೂರು ಬಾಳಪ್ಪ, ರಾಯಣ್ಣನಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮನನ್ನು ಯಾರೂ ಗಲ್ಲಿಗೇರಿಸಲಿಲ್ಲ; ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಆಕೆ ತೀರಿಕೊಂಡಳು, ಸಮಾಧಿಯೂ ಅಲ್ಲೇ ಇದೆ. ಇವೆರಡನ್ನು ಮೊದಲಿಗೇ ಹೇಳಿಬಿಟ್ಟರೆ ಒಳ್ಳೆಯದು. ಎಲ್ಲಿ ಮಾತಾಡಿದರೂ ಕೊನೆಗೆ ಯಾರಾದರೊಬ್ಬರು ಎದ್ದು ಇವನ್ನೇ ಕೇಳುತ್ತಾರೆ.

ಹಿನ್ನೆಲೆ ಚುಟುಕಾಗಿ ಇಷ್ಟು. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಹುಡುಗನನ್ನು ದತ್ತು ತೆಗೆದುಕೊಂಡದ್ದನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ, ಅವನ ಸಹಾಯಕರಾದ ಸ್ಟೀವನ್ಸನ್ ಮತ್ತು ಎಲಿಯಟ್ ಸೆರೆ ಸಿಕ್ಕರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು. ಆ ಯುದ್ಧದಲ್ಲಿ ಸೆರೆ ಸಿಕ್ಕ ರಾಯಣ್ಣನಿಗೆ 1826ರಲ್ಲಿ ಬಿಡುಗಡೆಯಾಯಿತು.

ಜನ ಎಡವುವುದು ಇಲ್ಲಿಂದ ಮುಂದೆ. ರಾಣಿಯ ಮೇಲಿನ ನಿಷ್ಠೆಯಿಂದ ಆತ ಕತ್ತಿ ಹಿಡಿದ ಎನ್ನುವಲ್ಲಿಗೆ ಕತೆ ನಿಂತುಬಿಡುತ್ತದೆ. ನಿಷ್ಠೆ ಇತ್ತು, ಸುಳ್ಳಲ್ಲ. ಆದರೆ ನಿಷ್ಠೆಯೊಂದೇ ಆಗಿದ್ದರೆ ಊರೂರಿನ ನೂರಾರು ಜನ ಅವನ ಬೆನ್ನಿಗೆ ಯಾಕೆ ಬರುತ್ತಿದ್ದರು?

ರಾಯಣ್ಣ ಸಂಗೊಳ್ಳಿಯ ಶೇತಸನದಿ. ಊರು ಕಾಯುವ, ಕರೆ ಬಂದಾಗ ಆಯುಧ ಹಿಡಿದು ದೇಸಾಯಿಯ ಬಳಿ ಹೋಗುವ ಆಳು. ಈ ಚಾಕರಿಗೆ ಸಂಬಳವಿಲ್ಲ, ಹೊಲವಿದೆ. ಆ ಹೊಲಕ್ಕೆ ಕಂದಾಯ ಇಲ್ಲ, ಇದ್ದರೂ ಅಲ್ಪ. ದೇಸಗತಿ ಮುಳುಗಿದ ಮೇಲೆ ಕಂಪನಿಯ ಲೆಕ್ಕ ನೇರವಾಗಿತ್ತು: ಒಡೆಯನಿಲ್ಲ, ಆದ್ದರಿಂದ ಚಾಕರಿ ಇಲ್ಲ, ಚಾಕರಿ ಇಲ್ಲ, ಆದ್ದರಿಂದ ಹೊಲಕ್ಕೆ ಪೂರಾ ತೆರಿಗೆ ಕಟ್ಟು, ಇಲ್ಲವೆ ಬಿಡು. ಒಂದೇ ಏಟಿಗೆ ಕಿತ್ತೂರು ಸೀಮೆಯ ಸನದಿಗಳ ಅನ್ನಕ್ಕೂ ಮಾನಕ್ಕೂ ಕೊಡಲಿ ಬಿತ್ತು. ಆಯುಧ ಹಿಡಿದು ಪಳಗಿದ, ದಾರಿ ಬಲ್ಲ, ಈಗ ಮಾಡಲು ಕೆಲಸವಿಲ್ಲದ ಗಂಡಸರು ಪ್ರತಿ ಹಳ್ಳಿಯಲ್ಲೂ ಉಳಿದರು. ರಾಯಣ್ಣನಿಗೆ ದಂಡು ಕಟ್ಟುವ ಗೋಜೇ ಇರಲಿಲ್ಲ. ಕಂಪನಿಯೇ ಕಟ್ಟಿಕೊಟ್ಟಿತ್ತು.

ಅವನು ಎಲ್ಲಿಗೆ ನುಗ್ಗಿದ ಎಂಬುದನ್ನು ಈಗ ನೋಡಿ. 1830ರ ಜನವರಿ ಮೊದಲ ವಾರದಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ. ಆಮೇಲೆ ನಂದಗಡ, ಸಂಪಗಾವಿ. ದಂಡಿನ ಠಾಣ್ಯ ಇದ್ದ ಬೆಳಗಾವಿಯನ್ನು ಮುಟ್ಟಲಿಲ್ಲ. ಅವನ ಗುರಿ ಕಚೇರಿ, ಖಜಾನೆ, ದಫ್ತರ. ಖಜಾನೆ ಲೂಟಿಯಾದದ್ದು ಎಲ್ಲರಿಗೂ ನೆನಪಿದೆ. ದಫ್ತರ ಸುಟ್ಟದ್ದರ ಬೆಲೆ ಮಾತ್ರ ಓದುಗರಿಗೆ ಬೇಗ ತಿಳಿಯುವುದಿಲ್ಲ. ಯಾವ ಹೊಲ ಯಾರದು, ಎಷ್ಟು ಕಂದಾಯ, ಎಷ್ಟು ಬಾಕಿ ಎಂಬುದು ಊರಿನವರಿಗೆ ಬಾಯಿಪಾಠ. ಹೊರಗಿನಿಂದ ಬಂದ ಸರ್ಕಾರಕ್ಕೆ ಅದು ತಿಳಿಯುವುದು ಕಾಗದದಿಂದ. ಕಾಗದ ಹೋದರೆ ವಸೂಲಿಗೆ ಕೈಕಾಲಿಲ್ಲ. ಖಜಾನೆ ಹೋದರೆ ಒಂದು ವರ್ಷದ ಹಣ ಹೋಯಿತು. ದಫ್ತರ ಹೋದರೆ ಕೇಳುವ ಹಕ್ಕಿನ ಬುಡವೇ ಅಲುಗಿತು. ನನ್ನ ಮಟ್ಟಿಗೆ ರಾಯಣ್ಣನ ಯುದ್ಧಜಾಣ್ಮೆ ಇರುವುದು ಇಲ್ಲಿ, ಕತ್ತಿಯ ವರಸೆಯಲ್ಲಲ್ಲ.

ಇನ್ನು ರಾತ್ರಿಯೇ ಯಾಕೆ? ಇದಕ್ಕೆ ಉತ್ತರ ನೆಲದಲ್ಲಿದೆ. ಬೈಲಹೊಂಗಲದಿಂದ ಸವದತ್ತಿಯ ಕಡೆ ನಡೆದರೆ ಕಪ್ಪು ಎರೆಯ ಬಯಲು. ಹಗಲು ಹೊತ್ತಿನಲ್ಲಿ ಕುದುರೆಯವನಿಗೆ ಅಡಗಲು ಮರದ ಮರೆಯೂ ಸಿಗುವುದಿಲ್ಲ. ಪಡುವಲಿಗೆ ಖಾನಾಪುರ, ನಂದಗಡ, ಹಂಡಿಬಡಗನಾಥದ ಕಾಡು. ಬಯಲಿನಲ್ಲಿ ಹೊಡೆದು ಬೆಳಕು ಹರಿಯುವುದರೊಳಗೆ ಕಾಡು ಸೇರಬೇಕು. ಜನವರಿಯ ರಾತ್ರಿ ಉದ್ದ, ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ. ಏಪ್ರಿಲ್ ಹೊತ್ತಿಗೆ ಸುಗ್ಗಿ ಮುಗಿದು ಹೊಲ ಬೋಳು. ಬೆಳೆ ಕೊಯ್ದದ್ದೂ ಅವನ ಸೋಲಿಗೆ ಒಂದಿಷ್ಟು ಕಾರಣ ಎಂದು ನಾನು ಊಹಿಸುತ್ತೇನೆ.

ದೊಡ್ಡ ಕಾರಣ ಬೇರೆ. ಕತ್ತಲಲ್ಲಿ ಕಾದುವವನು ನೆಚ್ಚುವುದು ಊರವರು ತರುವ ಸುದ್ದಿಯನ್ನು. ದಂಡಿನಿಂದ ಹಿಡಿಯಲಾಗದವನನ್ನು ಕಂಪನಿ ಆ ಸುದ್ದಿಯನ್ನೇ ಕೊಂಡು ಹಿಡಿಯಿತು. ಅಮಲ್ದಾರ ಕೃಷ್ಣರಾಯನ ಜೊತೆಗೆ ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ಸೇರಿದರು. 1830ರ ಏಪ್ರಿಲಿನಲ್ಲಿ ಡೋರಿ ಬೆಣಚಿಯ ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದಾಗ ರಾಯಣ್ಣ ಸಿಕ್ಕಿಬಿದ್ದ. ಅವನನ್ನು ಹಿಡಿದುಕೊಟ್ಟನೆಂದು ಜನಪದರ ಸಿಟ್ಟೆಲ್ಲ ಲಕ್ಕಪ್ಪನೊಬ್ಬನ ಮೇಲೆ. ಗೌಡರು ಯಾಕೆ ಆ ಕಡೆ ನಿಂತರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ: ಊರ ಗೌಡನ ಅಧಿಕಾರಕ್ಕೂ ಆ ದಫ್ತರದ ಕಾಗದವೇ ಆಧಾರ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು.

ಇದೇ ಸೀಮೆಯ ಇನ್ನೊಂದು ರಾತ್ರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1858ರ ಮೇ 29ರಂದು ರಾಮದುರ್ಗದ ಹತ್ತಿರ ಸುರೇಬಾನದಲ್ಲಿ ಪಲ್ಲಕ್ಕಿಯಲ್ಲಿ ಮಲಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಮೇಲೆ ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಎರಗಿ ಕೊಂದ. ಇಲ್ಲೂ ದತ್ತಕ ಒಪ್ಪದ ನೋವು, ಇನಾಮಿಗೆ ಕಾಗದ ತೋರಿಸೆಂದು ಪೀಡಿಸಿದ ಸಿಟ್ಟು. ಆದರೆ ಅಧಿಕಾರಿಯೊಬ್ಬ ಸತ್ತರೆ ಇನ್ನೊಬ್ಬ ಬರುತ್ತಾನೆ, ದಂಡಿನ ಸಮೇತ. ಕೆಲವೇ ದಿನಗಳಲ್ಲಿ ನರಗುಂದ ಕೋಟೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಕೋಟೆಯೂ ಕುದುರೆಯೂ ಇದ್ದ ಸಂಸ್ಥಾನಿಕ ಕೆಲವೇ ದಿನ ತಡೆದ, ಊರ ಕಾವಲಿನವನು ತಿಂಗಳುಗಟ್ಟಲೆ ಕಾಡಿದ.

ರಾಯಣ್ಣನನ್ನು ಕುರಿತು ಸಿನಿಮಾ ಬಂದಿದೆ, ಲಾವಣಿಗಳಿವೆ, ಬೆಂಗಳೂರಿನ ರೈಲು ನಿಲ್ದಾಣಕ್ಕೆ ಅವನ ಹೆಸರಿದೆ. ಸನದಿ ಹೊಲಗಳ ಲೆಕ್ಕವನ್ನು ಊರೂರಿನ ಮಟ್ಟದಲ್ಲಿ ಕೂತು ಬಿಡಿಸುವ ಕೆಲಸ ಮಾತ್ರ ಇನ್ನೂ ಬೇಕಾದಷ್ಟು ಉಳಿದಿದೆ. ಅದಕ್ಕೆ ಆ ಕಾಲದ ಲೆಕ್ಕಪತ್ರ ಬರೆದ ಮೋಡಿ ಲಿಪಿ ಓದಲು ಬರಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳೆಯ ಗೌಡಕಿ, ಕುಲಕರ್ಣಿಕಿ ಮನೆಗಳವರಲ್ಲಿ ಒಂದು ವಿನಂತಿ: ಅಟ್ಟದ ಮೇಲೆ ಮೋಡಿ ಅಕ್ಷರದ ಕಾಗದದ ಗಂಟು ಇದ್ದರೆ ರದ್ದಿಯವನಿಗೆ ಕೊಡಬೇಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರನ್ನು ಕರೆದು ತೋರಿಸಿ.